ತ್ರೀಫೇಸ್ ಮನೆಗೆ ಸಿಂಗಲ್ ಫೇಸ್ ಯಂತ್ರ ಬಂದಾಗ

ಕುವೈತಿನ ಎಗೈಲಾದ ವಿಲ್ಲಾವೊಂದರಲ್ಲಿ ಎಲೆಕ್ಟ್ರಿಷಿಯನ್ ಮೇನ್ ಬೋರ್ಡಿನ ಮುಚ್ಚಳ ತೆಗೆದಾಗ ಒಳಗೆ ಕಾಣುವುದು ಐದು ತಂತಿಗಳು. ಕೆಂಪು, ಹಳದಿ, ನೀಲಿ ಬಣ್ಣದವು ಮೂರು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಯಾವ ಎರಡು ಫೇಸ್‌ಗಳ ನಡುವೆ ಅಳೆದರೂ ಮೀಟರ್ 415 ವೋಲ್ಟಿನ ಆಸುಪಾಸು ತೋರಿಸುತ್ತದೆ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಳೆದರೆ 240. ಪುತ್ತೂರು, ಕುಂದಾಪುರದ ಕಡೆಯಿಂದ ಬಂದ ವೈರ್‌ಮನ್‌ಗೆ ಇದರಲ್ಲಿ ಹೊಸದೇನೂ ಇಲ್ಲ. ಊರಿನ ತ್ರೀಫೇಸ್ ಬೋರ್ಡೂ ಹೀಗೆಯೇ.

ಬೋರ್ಡಿಗೆ ಬರುವುದು ತ್ರೀಫೇಸ್, ಆದರೆ ನಾವು ಕೊಂಡು ತರುವ ಸಾಮಾನಿನಲ್ಲಿ ಹೆಚ್ಚಿನವು ಸಿಂಗಲ್ ಫೇಸಿನವು. ಫ್ರಿಜ್, ಮಿಕ್ಸಿ, ವಿಂಡೋ ಎಸಿ, ಕಂಪ್ಯೂಟರ್ ಎಲ್ಲವೂ ಹಾಗೆಯೇ. ಎಗೈಲಾ, ಮಂಗಾಫ್, ಫಹಾಹೀಲ್ ಸುತ್ತ ಹೋಟೆಲ್, ಬೇಕರಿ, ಕ್ಲಿನಿಕ್, ಟೈಲರಿಂಗ್ ಅಂಗಡಿ ನಡೆಸುವವರಿಗೆ, ಅಲ್ಲಿ ದುಡಿಯುವವರಿಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ತ್ರೀಫೇಸನ್ನು ಸಿಂಗಲ್ ಫೇಸ್ ಮಾಡಿಕೊಡುವ ಯಂತ್ರ ಯಾವುದು, ಅದಕ್ಕೆ ಎಷ್ಟು ಬೀಳುತ್ತದೆ? ಹೀಗೆ ಕೇಳುವ ಹತ್ತರಲ್ಲಿ ಒಂಬತ್ತು ಮಂದಿಗೆ ಯಾವ ಯಂತ್ರವೂ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅವರಿಗೆ ಬೇಕಾದ ಸಿಂಗಲ್ ಫೇಸ್ ಆ ಬೋರ್ಡಿನೊಳಗೆ ಆಗಲೇ ಇದೆ, ಅದೂ ಮೂರು. ಅವುಗಳಲ್ಲಿ ಯಾವುದರ ಮೇಲೆ ಎಷ್ಟು ಲೋಡ್ ಹೊರಿಸಬೇಕು, ನ್ಯೂಟ್ರಲ್ ಅದನ್ನು ತಾಳುತ್ತದೆಯೇ ಎಂಬುದಷ್ಟೇ ಕೇಳಿಕೊಳ್ಳಬೇಕಾದ ಮಾತು. ಉಳಿದ ಒಬ್ಬರ ಕಥೆ ಬೇರೆ, ಅದನ್ನೂ ಮುಂದೆ ನೋಡೋಣ.

ವಿದ್ಯುತ್ತು ಮೂರು ಫೇಸಿನಲ್ಲಿ ಬರುವುದೇಕೆ ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ಜರ್ಮನಿಯಲ್ಲಿ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 1891ರಲ್ಲಿ ಸುಮಾರು 175 ಕಿಲೋಮೀಟರ್ ದೂರ ತ್ರೀಫೇಸ್ ವಿದ್ಯುತ್ ಸಾಗಿಸಿ ತೋರಿಸಿದ ಮೇಲೆ ಜಗತ್ತು ಆ ಕಡೆ ವಾಲಿತು. ಹನ್ನೊಂದು ವರ್ಷದೊಳಗೆ, 1902ರಲ್ಲಿ, ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ದೂರ ಮೈಸೂರು ಸಂಸ್ಥಾನ ವಿದ್ಯುತ್ ಒಯ್ದಿತು. ಕುವೈತಿಗೆ ವಿದ್ಯುತ್ ಬಂದದ್ದು 1934ರಲ್ಲಿ, ಅದೂ ಡಿಸಿ ರೂಪದಲ್ಲಿ. ಮೂರು ಫೇಸಿನ ಎಸಿ ಇಲ್ಲಿ ನೆಲೆಯೂರಿದ್ದು 1949ರ ಹೊತ್ತಿಗೆ. ಕಡಿಮೆ ತಾಮ್ರದಲ್ಲಿ ಹೆಚ್ಚು ಶಕ್ತಿ ಸಾಗಿಸಬಹುದು, ಮೋಟಾರು ತಾನಾಗಿಯೇ ತಿರುಗತೊಡಗುತ್ತದೆ. ಈ ಎರಡು ಲಾಭ ಬಿಟ್ಟುಕೊಡಲು ಯಾವ ದೇಶವೂ ತಯಾರಿರಲಿಲ್ಲ.

ನಮ್ಮ ಕರಾವಳಿ, ಮಲೆನಾಡಿನವರಿಗೆ ಈ ಪ್ರಶ್ನೆಯ ತಿರುಗುಮುರುಗು ರೂಪ ಚೆನ್ನಾಗಿ ಗೊತ್ತು. ಅಲ್ಲಿ ಕೊರತೆಯಿದ್ದದ್ದು ತ್ರೀಫೇಸಿಗೆ. ಕೃಷಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ ಇಷ್ಟು ಗಂಟೆ ಎಂದು ತ್ರೀಫೇಸ್ ಕೊಟ್ಟು, ಉಳಿದ ಹೊತ್ತು ಮನೆಯ ದೀಪಕ್ಕೆ ಮಾತ್ರ ಸಾಲುವಷ್ಟು ಬಿಡುತ್ತಿದ್ದರು. ಅಡಿಕೆ ತೋಟ ಒಣಗುವುದನ್ನು ನೋಡಲಾರದ ರೈತ ಸ್ಟಾರ್ಟರಿನ ಪಕ್ಕದಲ್ಲಿ ಕೆಪಾಸಿಟರ್ ಕೂರಿಸಿ, ಇಲ್ಲದ ಫೇಸನ್ನು ಹೇಗೋ ಹುಟ್ಟಿಸಿ ಪಂಪ್ ಓಡಿಸುತ್ತಿದ್ದ. ಪಂಪ್ ಓಡುತ್ತಿತ್ತು ನಿಜ, ಆದರೆ ಮೂರು ವೈಂಡಿಂಗಿನ ಕರೆಂಟ್ ಮೂರು ಬಗೆಯಾಗಿ ಮೋಟಾರು ಕಾದು ಸುಡುತ್ತಿತ್ತು. ಇಡೀ ಊರು ಹಾಗೆ ಮಾಡಿದಾಗ ಊರಿನ ಟ್ರಾನ್ಸ್‌ಫಾರ್ಮರೇ ಸುಟ್ಟು ಹೋಗುತ್ತಿತ್ತು. ಕರ್ನಾಟಕ ಸರ್ಕಾರ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರನ್ನು ಪಂಪ್‌ಸೆಟ್‌ಗಳ ಫೀಡರಿನಿಂದ ಬೇರ್ಪಡಿಸಿದ್ದರ ಹಿಂದೆ ಈ ನೋವೂ ಇದೆ. ರೈತನನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಅವನ ಮುಂದೆ ಬೇರೆ ದಾರಿ ಇರಲಿಲ್ಲ. ಎಗೈಲಾದಲ್ಲಿ ಇರುವ ನಮಗೆ ದಾರಿ ಇದೆ, ತ್ರೀಫೇಸ್ ಬಾಗಿಲಿಗೇ ಬಂದು ನಿಂತಿದೆ. ಹಾಗಾಗಿ ತಪ್ಪು ಮಾಡಲು ನೆಪವಿಲ್ಲ.

ಈಗ ವಿಷಯದ ತಿರುಳಿಗೆ ಬರೋಣ. ಸಿಂಗಲ್ ಫೇಸಿನ ಶಕ್ತಿ ಒಂದೇ ಸಮನೆ ಹರಿಯುವುದಿಲ್ಲ. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಅದು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿದು, ಸರಾಸರಿಯ ಎರಡು ಪಟ್ಟಿಗೆ ಏರುತ್ತದೆ. ಮೂರು ಫೇಸಿನಲ್ಲಿ ಒಂದು ಇಳಿಯುವಾಗ ಇನ್ನೆರಡು ತುಂಬಿಕೊಡುವುದರಿಂದ ಒಟ್ಟು ಶಕ್ತಿ ಕ್ಷಣಕ್ಷಣವೂ ಒಂದೇ. ತ್ರೀಫೇಸ್ ಎಂದರೆ ಕಾಲುವೆಯ ನೀರು, ಸಿಂಗಲ್ ಫೇಸ್ ಎಂದರೆ ಏತದ ನೀರು. ಕಾಲುವೆಯ ಹರಿವಿಗೆ ಏರುಪೇರಾಗದ ಹಾಗೆ ಏತದಲ್ಲಿ ಎತ್ತಿ ಹಾಕಬೇಕಾದರೆ ನಡುವೆ ಒಂದು ತೊಟ್ಟಿ ಬೇಕೇ ಬೇಕು. ಟ್ರಾನ್ಸ್‌ಫಾರ್ಮರ್ ಶಕ್ತಿಯನ್ನು ದಾಟಿಸುತ್ತದೆ, ಕೂಡಿಡುವುದಿಲ್ಲ. ಆದ್ದರಿಂದ ಕಬ್ಬಿಣ ಮತ್ತು ತಾಮ್ರದ ಸುತ್ತುಗಳಿಂದಷ್ಟೇ ಒಂದೇ ಒಂದು ಸಿಂಗಲ್ ಫೇಸ್ ಲೋಡನ್ನು ಮೂರು ಫೇಸ್‌ಗಳಿಗೂ ಸಮವಾಗಿ ಹಂಚುವುದು ಅಸಾಧ್ಯ. ಯಾರು ಎಷ್ಟು ಜಾಣತನದಿಂದ ಸುತ್ತಿದರೂ ಅಸಾಧ್ಯ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ತ್ರೀಫೇಸ್ ಒಳಗೆ, ಸಿಂಗಲ್ ಫೇಸ್ ಹೊರಗೆ ಎಂದು ಹೇಳಿ ಮಾರುವ ಟ್ರಾನ್ಸ್‌ಫಾರ್ಮರ್‌ಗಳು ಮಾರುಕಟ್ಟೆಯಲ್ಲಿವೆ. ಕೆಲವನ್ನು ಬಿಚ್ಚಿ ನೋಡಿದರೆ ಎರಡು ಫೇಸ್‌ಗಳ ನಡುವೆ ಕೂರಿಸಿದ ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಅಷ್ಟೇ. ಇನ್ನು ಕೆಲವು ಮೂರು ಫೇಸ್‌ಗಳಿಂದಲೂ ಕರೆಂಟ್ ಎಳೆಯುತ್ತವೆ. ಕ್ಲ್ಯಾಂಪ್ ಮೀಟರ್ ಹಿಡಿದರೆ ಮೂರರಲ್ಲೂ ಮುಳ್ಳು ಏಳುತ್ತದೆ, ಕೊಳ್ಳುವವರಿಗೆ ಸಮಾಧಾನವಾಗುತ್ತದೆ. ಸರಿಯಾಗಿ ಓದಿದರೆ ಒಂದು ಲೈನಿನಲ್ಲಿ ಉಳಿದೆರಡಕ್ಕಿಂತ ಇಮ್ಮಡಿ ಕರೆಂಟ್ ಇರುತ್ತದೆ. ಅಸಮತೋಲ ಎಲ್ಲಿಗೂ ಹೋಗಿಲ್ಲ. ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್ ಚಾರ್ಲ್ಸ್ ಸ್ಕಾಟ್ ಹೆಸರಿನ ಜೋಡಣೆಯ ಮಾತೂ ಇದೇ. ಅದು ಮೂರು ಫೇಸನ್ನು ಎರಡು ಫೇಸ್ ಮಾಡಿಕೊಡುತ್ತದೆ. ಎರಡು ಕಡೆಯೂ ಸರಿಸಮ ಲೋಡ್ ಇದ್ದರೆ ಮೂರು ಫೇಸೂ ಸಮವಾಗುತ್ತವೆ. ಒಂದೇ ಕಡೆ ಲೋಡ್ ಹಾಕಿದರೆ ಆ ಗುಣ ಮಾಯ.

ಹಾಗೆಂದು ಎರಡು ಫೇಸ್ ನಡುವಿನ ಟ್ರಾನ್ಸ್‌ಫಾರ್ಮರ್ ನಿಷ್ಪ್ರಯೋಜಕವಲ್ಲ. 415 ವೋಲ್ಟನ್ನು 240ಕ್ಕೆ ಇಳಿಸಿ ಕೊಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಆ ಉಪಕರಣದ ಕರೆಂಟ್ ಕಟ್ಟಡದ ನ್ಯೂಟ್ರಲ್‌ಗೆ ಹೋಗದಂತೆ ತಡೆಯುತ್ತದೆ. ನ್ಯೂಟ್ರಲ್ ತಂತಿ ಸಣ್ಣದಿರುವ, ಅಥವಾ ನ್ಯೂಟ್ರಲ್ಲೇ ಎಳೆಯದ ಹಳೆಯ ವರ್ಕ್‌ಶಾಪಿನಲ್ಲಿ ಇದು ದೊಡ್ಡ ಉಪಕಾರ. ಹಳೆಯ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್‌ಗಳು ಎರಡು ಫೇಸ್ ಮೇಲೆಯೇ ನಡೆಯುತ್ತಿದ್ದವು. ಕೊಡುವ ಲಾಭವನ್ನಷ್ಟೇ ಹೇಳಿ ಮಾರಿದರೆ ಅದಕ್ಕೆ ತಕರಾರಿಲ್ಲ.

ಸಮತೋಲಕ್ಕೆ ತೊಟ್ಟಿ ಬೇಕು ಎಂದೆ. ಆ ತೊಟ್ಟಿಯನ್ನು ಎಂಜಿನಿಯರುಗಳು ಹಲವು ರೂಪದಲ್ಲಿ ಕಟ್ಟಿದ್ದಾರೆ. ಚಾರ್ಲ್ಸ್ ಸ್ಟೈನ್‌ಮೆಟ್ಜ್ ತೋರಿಸಿದ್ದು ಬಹಳ ಸೊಗಸಾದ ದಾರಿ: ಎರಡು ಫೇಸ್ ನಡುವೆ ಹೀಟರಿನಂಥ ಲೋಡ್ ಇದ್ದರೆ, ಉಳಿದೆರಡು ಜೋಡಿಗಳಿಗೆ ಲೆಕ್ಕಕ್ಕೆ ತಕ್ಕ ಒಂದು ಕೆಪಾಸಿಟರ್, ಒಂದು ಕಾಯಿಲ್ ಕೂಡಿಸಿದರೆ ಮೂರು ಫೇಸೂ ಸಮ. ಲೋಹ ಕರಗಿಸುವ ಸಿಂಗಲ್ ಫೇಸ್ ಇಂಡಕ್ಷನ್ ಫರ್ನೇಸ್‌ಗಳಲ್ಲಿ ಇದನ್ನು ಬಳಸುತ್ತಾರೆ. ಲೋಡ್ ಬದಲಾದರೆ ಕೆಪಾಸಿಟರ್ ಮತ್ತು ಕಾಯಿಲನ್ನೂ ಬದಲಾಯಿಸುತ್ತಿರಬೇಕಾದ್ದರಿಂದ ಅಂಗಡಿ, ಮನೆಗೆ ಇದು ಹೊಂದದು. ತ್ರೀಫೇಸ್ ಮೋಟಾರಿಗೆ ಸಿಂಗಲ್ ಫೇಸ್ ಜನರೇಟರ್ ಜೋಡಿಸುವುದು ಇನ್ನೊಂದು ಹಳೆಯ ಕ್ರಮ. ಅಲ್ಲಿ ತಿರುಗುವ ಭಾರವೇ ತೊಟ್ಟಿ. ಈಗ ಎಲ್ಲೆಡೆ ಗೆದ್ದಿರುವುದು ಎಲೆಕ್ಟ್ರಾನಿಕ್ಸ್. ಮೂರು ಫೇಸನ್ನು ಡಿಸಿ ಮಾಡಿ, ದೊಡ್ಡ ಕೆಪಾಸಿಟರುಗಳಲ್ಲಿ ಹಿಡಿದಿಟ್ಟು, ಇನ್ವರ್ಟರ್ ಮೂಲಕ ಸಿಂಗಲ್ ಫೇಸ್ ಹೊರಡಿಸುವುದು.

ಇದರ ಅತಿ ದೊಡ್ಡ ಪ್ರದರ್ಶನ ನಾವು ರಜೆಗೆ ಊರಿಗೆ ಹೋದಾಗ ಹತ್ತುವ ರೈಲಿನಲ್ಲೇ ಇದೆ. ಕೊಂಕಣ ರೈಲ್ವೆಯ ವಿದ್ಯುದೀಕರಣ 2022ರಲ್ಲಿ ಪೂರ್ಣವಾಯಿತು. ಉಡುಪಿ, ಕುಂದಾಪುರ, ಭಟ್ಕಳದ ಹಳಿಗಳ ಮೇಲಿನ ತಂತಿಯಲ್ಲಿರುವುದು 25,000 ವೋಲ್ಟಿನ ಸಿಂಗಲ್ ಫೇಸ್. ಸಬ್‌ಸ್ಟೇಷನ್ ಅದನ್ನು ಗ್ರಿಡ್ಡಿನ ಎರಡು ಫೇಸ್‌ಗಳ ನಡುವಿನಿಂದ ತೆಗೆದುಕೊಳ್ಳುತ್ತದೆ. ಮುಂದಿನ ಭಾಗಕ್ಕೆ ಬೇರೆ ಜೋಡಿ, ಅದರ ಮುಂದಿನದಕ್ಕೆ ಮತ್ತೊಂದು. ಹೀಗೆ ಸರದಿಯಲ್ಲಿ ಹಂಚಿ ಗ್ರಿಡ್ಡಿನ ಭಾರ ಸರಿದೂಗಿಸುತ್ತಾರೆ. ಎರಡು ಭಾಗಗಳ ನಡುವೆ ವಿದ್ಯುತ್ತಿಲ್ಲದ ತುಂಡು ತಂತಿ ಇರುತ್ತದೆ, ಅದಕ್ಕೆ ನ್ಯೂಟ್ರಲ್ ಸೆಕ್ಷನ್ ಎನ್ನುತ್ತಾರೆ. ಜಪಾನಿನ ಶಿಂಕಾನ್ಸೆನ್ ಮಾರ್ಗಗಳಲ್ಲಿ ಸ್ಕಾಟ್ ಜೋಡಣೆಯ ಟ್ರಾನ್ಸ್‌ಫಾರ್ಮರುಗಳಿವೆ, ಎರಡು ದಿಕ್ಕಿನ ಹಳಿಗಳು ಎರಡು ಲೋಡ್. ಇತ್ತ ನಮ್ಮ ಹೊಸ ಲೋಕೋಗಳು ಆ ಸಿಂಗಲ್ ಫೇಸನ್ನು ಒಳಗೆ ಮತ್ತೆ ತ್ರೀಫೇಸ್ ಮಾಡಿ ಮೋಟಾರು ಓಡಿಸುತ್ತವೆ. ಹಳೆಯ ಎಸಿ ಲೋಕೋಗಳಲ್ಲಿ ಬ್ಲೋವರ್, ಕಂಪ್ರೆಸರ್‌ಗಳಿಗೆ ತ್ರೀಫೇಸ್ ಒದಗಿಸಲು ಆರ್ನೋ ಎಂಬ ತಿರುಗುವ ಕನ್ವರ್ಟರ್ ಇತ್ತು. ರೈಲ್ವೆಯಂಥ ದೈತ್ಯ ಸಂಸ್ಥೆಯೂ ಬಹುಪಾಲು ಕಡೆ ಪರಿವರ್ತನೆಯ ಗೊಡವೆಗೆ ಹೋಗದೆ ಸರದಿ ಹಂಚಿಕೆಯಿಂದಲೇ ಕೆಲಸ ಸಾಗಿಸುತ್ತಿದೆ ಎಂಬುದನ್ನು ಗಮನಿಸಬೇಕು.

ಪರಿವರ್ತನೆ ಬೇಕೇ ಬೇಕಾದ ದೊಡ್ಡ ಉದಾಹರಣೆಯೊಂದು ಕುವೈತಿಗೂ ಸೇರಿದ್ದಿದೆ. ಕೊಲ್ಲಿ ದೇಶಗಳ ಗ್ರಿಡ್‌ಗಳನ್ನು 2009ರಲ್ಲಿ ಜೋಡಿಸಿದಾಗ ಕುವೈತಿನದು 50 ಹರ್ಟ್ಜ್, ಸೌದಿಯದು 60. ನೇರ ಜೋಡಿಸುವಂತಿರಲಿಲ್ಲ. ಸೌದಿಯ ಅಲ್ ಫಾದಿಲಿಯಲ್ಲಿ 1,800 ಮೆಗಾವಾಟ್ ಸಾಮರ್ಥ್ಯದ ಡಿಸಿ ಕೊಂಡಿ ಕಟ್ಟಿದರು: ಎಸಿ ಡಿಸಿಯಾಗಿ ಮತ್ತೆ ಎಸಿ. ಎಗೈಲಾದ ಕ್ಲಿನಿಕ್ಕಿನ ಮೂಲೆಯಲ್ಲಿರುವ ಯುಪಿಎಸ್ ಮಾಡುವುದೂ ಚಿಕ್ಕ ಪ್ರಮಾಣದಲ್ಲಿ ಇದನ್ನೇ.

ಆ ಯುಪಿಎಸ್ ಬಗ್ಗೆ ತುಸು ನಿಲ್ಲಬೇಕು, ಏಕೆಂದರೆ ನಮ್ಮ ಪ್ರಶ್ನೆಯ ಹತ್ತನೆಯ ಮನುಷ್ಯನಿಗೆ ನಿಜವಾದ ಉತ್ತರ ಅದು. ಸರ್ವರ್ ಕೋಣೆ, ಲ್ಯಾಬ್, ಎಕ್ಸ್‌ರೇ ಘಟಕದಂಥ ಕಡೆ ಒಂದೇ ದೊಡ್ಡ ಸಿಂಗಲ್ ಫೇಸ್ ಲೋಡ್ ಇದ್ದು, ಅದನ್ನು ಒಡೆದು ಹಂಚಲು ಬಾರದಿದ್ದರೆ, ಮೂರು ಫೇಸ್ ಒಳಗೆ ಒಂದು ಫೇಸ್ ಹೊರಗೆ ಇರುವ ಯುಪಿಎಸ್ ಸರಿಯಾದ ಆಯ್ಕೆ. 20 ಕೆವಿಎ ಯಂತ್ರವನ್ನು ತೆಗೆದುಕೊಳ್ಳಿ. ಪೂರ್ಣ ಲೋಡಿನಲ್ಲಿ ಒಳಬರುವ ಪ್ರತಿ ಫೇಸಿನಲ್ಲಿ ಸುಮಾರು 28 ಆಂಪಿಯರ್, ನಷ್ಟ ಮತ್ತು ಬ್ಯಾಟರಿ ಚಾರ್ಜಿಂಗ್ ಸೇರಿದರೆ ಇನ್ನಷ್ಟು. ಹೊರಗೆ 240 ವೋಲ್ಟಿನಲ್ಲಿ 83 ಆಂಪಿಯರ್. ಎಲ್ಲ ಚೆಂದ. ಆದರೆ ಯುಪಿಎಸ್ ಕೆಟ್ಟು ಬೈಪಾಸಿಗೆ ಹೋದ ಕ್ಷಣ ಆ 83 ಆಂಪಿಯರ್ ಪೂರ್ತಿ ಒಂದೇ ಫೇಸಿನ ಮೇಲೆ, ಅದೇ ಮೊತ್ತ ನ್ಯೂಟ್ರಲ್ ಮೇಲೆ ಬೀಳುತ್ತದೆ. ಮೂರು ಫೇಸಿಗೂ 40 ಆಂಪಿಯರಿನ ಬ್ರೇಕರ್ ಹಾಕಿದ್ದರೆ ಅದು ಟ್ರಿಪ್ ಆಗಿ, ಯಾವ ಹೊತ್ತಿಗೆ ಯುಪಿಎಸ್ ಬೇಕಿತ್ತೋ ಆ ಹೊತ್ತಿಗೇ ಕತ್ತಲು. ಬೈಪಾಸ್ ಫೇಸಿನ ಕೇಬಲ್, ಬ್ರೇಕರ್, ನ್ಯೂಟ್ರಲ್ ಮೂರನ್ನೂ ಪೂರ್ಣ ಸಿಂಗಲ್ ಫೇಸ್ ಕರೆಂಟಿಗೆ ತಕ್ಕಂತೆ ಹಾಕಬೇಕು. ಯುಪಿಎಸ್ ಕೊಳ್ಳುವಾಗ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಬೈಪಾಸಿನ ಮಾತು ಕೇಳುವವರು ಕಡಿಮೆ.

ಹೋಟೆಲ್ ಅಡುಗೆಮನೆಯ ಓವನ್‌ಗಳಲ್ಲಿ ಇನ್ನೂ ಸುಲಭದ ದಾರಿ ಸಿಗುತ್ತದೆ. 9 ಕಿಲೋವಾಟ್ ಓವನ್ ಒಳಗೆ ಹಲವೊಮ್ಮೆ 3 ಕಿಲೋವಾಟಿನ ಮೂರು ಎಲಿಮೆಂಟ್‌ಗಳಿರುತ್ತವೆ, ಒಂದೊಂದೂ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ. ತಯಾರಕರು ಅನುಮತಿಸಿದ್ದರೆ ಟರ್ಮಿನಲ್ ಪಟ್ಟಿಯಲ್ಲಿ ಲಿಂಕ್ ಬದಲಿಸಿ ಅದನ್ನು ಸಿಂಗಲ್ ಫೇಸಿಗೂ ಹಾಕಬಹುದು. ಆಗ ಪ್ರತಿ ಫೇಸಿನಲ್ಲಿ 12.5 ಆಂಪಿಯರ್ ಇದ್ದದ್ದು ಒಂದೇ ತಂತಿಯಲ್ಲಿ 37.5 ಆಗುತ್ತದೆ. ತ್ರೀಫೇಸ್ ಇರುವ ಅಂಗಡಿಯಲ್ಲಿ ಹೀಗೆ ಮಾಡುವುದಕ್ಕೆ ಅರ್ಥವಿಲ್ಲ. ದೊಡ್ಡ ಯಂತ್ರ ಕೊಳ್ಳುವಾಗಲೇ ತ್ರೀಫೇಸಿನದನ್ನು ಕೊಳ್ಳುವುದು ಎಲ್ಲಕ್ಕಿಂತ ಜಾಣತನ.

ಜನರೇಟರಿನ ಲೆಕ್ಕ ಚಿಕ್ಕದು. ತ್ರೀಫೇಸ್ ಜನರೇಟರಿನಿಂದ ಒಂದು ಫೇಸ್ ಮತ್ತು ನ್ಯೂಟ್ರಲ್ ಮಾತ್ರ ಬಳಸಿದರೆ ಸಿಗುವುದು ಅದರ ಸಾಮರ್ಥ್ಯದ ಮೂರನೇ ಒಂದು ಪಾಲು. ಎರಡು ಫೇಸ್ ನಡುವೆ ತೆಗೆದರೆ ಶೇಕಡಾ 58ರ ಸಮೀಪ. ಹನ್ನೆರಡು ತುದಿಗಳನ್ನು ಹೊರಗೆ ತಂದಿರುವ ಆಲ್ಟರ್ನೇಟರ್‌ಗಳನ್ನು ಬೇರೆ ರೀತಿ ಜೋಡಿಸಿ ಮೂರನೇ ಎರಡು ಪಾಲಿನವರೆಗೆ ಪಡೆಯಬಹುದು. ಅದಕ್ಕಿಂತ ಹೆಚ್ಚು ಎಳೆದರೆ ರೋಟರ್ ಕಾಯುತ್ತದೆ. ಟೆಂಟು ಹಾಕಿ ಕಾರ್ಯಕ್ರಮ ಮಾಡುವವರು 30 ಕೆವಿಎ ಬಾಡಿಗೆಗೆ ತಂದು ಧ್ವನಿವರ್ಧಕ, ದೀಪ, ಕಾಫಿ ಬಾಯ್ಲರ್ ಎಲ್ಲವನ್ನೂ ಒಂದೇ ಫೇಸಿಗೆ ಹಾಕಿದರೆ ಅವರ ಕೈಯಲ್ಲಿರುವುದು 10 ಕೆವಿಎ ಮಾತ್ರ.

ಇಷ್ಟರಲ್ಲಿ ಮನೆಗೆ ಅತ್ಯಂತ ಮುಖ್ಯವಾದ ಸಂಗತಿ ಉಳಿದಿದೆ. ಮೂರು ಫೇಸ್ ಒಂದು ನ್ಯೂಟ್ರಲ್ ಇರುವಲ್ಲಿ ಅಪಾಯ ಅಡಗಿರುವುದು ನ್ಯೂಟ್ರಲ್ ಸ್ಕ್ರೂವಿನಲ್ಲಿ. ಅದು ಸಡಿಲವಾಗಿ ಸಂಪರ್ಕ ತಪ್ಪಿತು ಎಂದಿಟ್ಟುಕೊಳ್ಳಿ. ಕೆಂಪು ಫೇಸಿನಲ್ಲಿ 2,000 ವಾಟಿನ ಗೀಸರ್ ಉರಿಯುತ್ತಿದೆ, ಹಳದಿ ಫೇಸಿನಲ್ಲಿ 200 ವಾಟಿನ ಟಿವಿ. ನ್ಯೂಟ್ರಲ್ ಇಲ್ಲದೆ ಎರಡೂ ಸಾಲಾಗಿ 415 ವೋಲ್ಟಿಗೆ ಸಿಕ್ಕಿಕೊಳ್ಳುತ್ತವೆ. ಗೀಸರಿನ ರೋಧ 28.8 ಓಮ್, ಟಿವಿಯದು ಹೆಚ್ಚುಕಡಿಮೆ 288. ವೋಲ್ಟೇಜ್ ಅದೇ ಅನುಪಾತದಲ್ಲಿ ಹಂಚಿಹೋಗಿ ಗೀಸರಿಗೆ 38 ವೋಲ್ಟ್, ಟಿವಿಗೆ 377. ಟಿವಿ ಸುಡಲು ಕ್ಷಣ ಸಾಕು. ಯಾವ ಬ್ರೇಕರೂ ಬೀಳುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಿಲ್ಲ. ಮನೆಯ ಅರ್ಧಕ್ಕೆ ದೀಪ ಮಂಕು, ಅರ್ಧಕ್ಕೆ ಕಣ್ಣು ಕುಕ್ಕುವ ಬೆಳಕು ಕಂಡರೆ ಯೋಚಿಸುತ್ತ ನಿಲ್ಲಬೇಡಿ, ಮೇನ್ ಸ್ವಿಚ್ ಆರಿಸಿ. ಇದಕ್ಕೆ ಸೇರಿಕೊಳ್ಳುವ ಇನ್ನೊಂದು ವಿಷಯ: ಎಲ್‌ಇಡಿ, ಕಂಪ್ಯೂಟರ್, ಚಾರ್ಜರ್‌ಗಳು ಕರೆಂಟನ್ನು ಚೂರುಚೂರಾಗಿ ಎಳೆಯುತ್ತವೆ. ಅವುಗಳ ಮೂರನೆಯ ಹಾರ್ಮಾನಿಕ್ ನ್ಯೂಟ್ರಲ್‌ನಲ್ಲಿ ಕಳೆಯುವುದಿಲ್ಲ, ಕೂಡುತ್ತದೆ. ಲೋಡ್ ಸಮವಾಗಿದ್ದರೂ ನ್ಯೂಟ್ರಲ್ ಫೇಸಿಗಿಂತ ಹೆಚ್ಚು ಕಾಯಬಹುದು. ಅರ್ಧ ಗಾತ್ರದ ನ್ಯೂಟ್ರಲ್ ಹಾಕುವ ಹಳೆಯ ಉಳಿತಾಯ ಈಗ ಸಲ್ಲದು.

ಒಂದೇ ಫೇಸಿಗೆ ಎಲ್ಲವನ್ನೂ ಹೊರಿಸಿದರೆ ಕೆಡುಕು ನಮ್ಮ ಮಹಡಿಗೆ ನಿಲ್ಲುವುದಿಲ್ಲ. ಅದೇ ಕಟ್ಟಡದ ಲಿಫ್ಟು, ನೀರಿನ ಪಂಪು, ಸೆಂಟ್ರಲ್ ಎಸಿಯ ಕಂಪ್ರೆಸರ್ ಎಲ್ಲ ತ್ರೀಫೇಸ್ ಮೋಟಾರುಗಳು. ವೋಲ್ಟೇಜಿನಲ್ಲಿ ಶೇಕಡಾ 1ರಷ್ಟು ಅಸಮತೋಲ ಬಂದರೆ ಮೋಟಾರಿನ ಕರೆಂಟಿನಲ್ಲಿ ಅದು ಆರರಿಂದ ಹತ್ತು ಪಟ್ಟಾಗುತ್ತದೆ. ಶೇಕಡಾ 3.5ಕ್ಕೆ ವೈಂಡಿಂಗಿನ ಬಿಸಿ ಸುಮಾರು ಕಾಲು ಭಾಗ ಏರುತ್ತದೆ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶ ಇದು. 30 ಡಿಗ್ರಿಗೆ ಲೆಕ್ಕ ಹಾಕಿದ ಪಿವಿಸಿ ಕೇಬಲ್ 50 ಡಿಗ್ರಿಯಲ್ಲಿ ಹೊರಬಲ್ಲದ್ದು ತನ್ನ ಸಾಮರ್ಥ್ಯದ ಶೇಕಡಾ 71 ಮಾತ್ರ. ಊರಿನಲ್ಲಿ ನಡೆದ ಅಂದಾಜು ಇಲ್ಲಿ ನಡೆಯುವುದಿಲ್ಲ. 2024ರ ಜೂನ್‌ನಲ್ಲಿ ಬೇಡಿಕೆ ತಾಳಲಾರದೆ ಕುವೈತ್ ಸರದಿಯ ಮೇಲೆ ವಿದ್ಯುತ್ ಕಡಿತ ಮಾಡಬೇಕಾಯಿತು. ಕಡಿತದ ನಂತರ ವಿದ್ಯುತ್ ಮರಳುವಾಗ ಒಂದು ಫೇಸ್ ಬಾರದೆ ಹೋದರೆ ಮೋಟಾರನ್ನು ಕಾಯುವುದು ಫೇಸ್ ಫೇಲ್ಯೂರ್ ರಿಲೇ; ಕಟ್ಟಡದ ಪಂಪಿಗೆ ಅದು ಇದೆಯೇ ಎಂದು ಕಟ್ಟಡ ನೋಡಿಕೊಳ್ಳುವ ಹಾರಿಸ್ ಅನ್ನು ಕೇಳಿ ನೋಡಬಹುದು.

ಬಣ್ಣದ ಗೊಂದಲವನ್ನೂ ಹೇಳಿಬಿಡುತ್ತೇನೆ. ಯುರೋಪಿನ ಹೊಸ ಪದ್ಧತಿಯಲ್ಲಿ ನೀಲಿ ನ್ಯೂಟ್ರಲ್. ಕಂದು, ಕಪ್ಪು, ಬೂದು ಫೇಸ್‌ಗಳು. ಕೆಂಪು-ಹಳದಿ-ನೀಲಿ ಇರುವ ಬೋರ್ಡಿಗೆ ಅಂಥ ಯಂತ್ರದ ಕೇಬಲ್ ಬಂದಾಗ ನೀಲಿಗೆ ನೀಲಿ, ಕಪ್ಪಿಗೆ ಕಪ್ಪು ಎಂದು ಕೂಡಿಸಿದರೆ ಫೇಸ್ ನ್ಯೂಟ್ರಲ್ ಅದಲುಬದಲಾಗಿ ಅನಾಹುತವಾಗುತ್ತದೆ. ಬಣ್ಣ ನಂಬಬಾರದು, ಮೀಟರಿನಲ್ಲಿ ಅಳೆದೇ ಕೂಡಿಸಬೇಕು. ಇನ್ನು ಸೌದಿಯ 60 ಹರ್ಟ್ಜ್ ಮೋಟಾರು ಇಲ್ಲಿ ತಂದರೆ ಫೇಸ್ ಸರಿಯಿದ್ದರೂ ವೇಗ ಆರನೇ ಒಂದು ಭಾಗ ತಗ್ಗುತ್ತದೆ. ಯಂತ್ರದ ಫಲಕ ಓದದೆ ಪ್ಲಗ್ ಚುಚ್ಚಬಾರದು.

ಮಂಗಾಫ್ ಎಗೈಲಾಕ್ಕೆ ಕೂಗಳತೆ ದೂರ. 2024ರ ಜೂನ್ 12ರ ನಸುಕಿನಲ್ಲಿ ಅಲ್ಲಿನ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 50 ಮಂದಿ ಸತ್ತರು, ಅವರಲ್ಲಿ ಬಹುಪಾಲು ಭಾರತೀಯರು, ನಮ್ಮ ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ನೆಲಮಹಡಿಯ ಕಾವಲುಗಾರನ ಕೋಣೆಯ ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಅಗ್ನಿಶಾಮಕ ಪಡೆ ಹೇಳಿತು. ಅದಕ್ಕೂ ಫೇಸ್ ಪರಿವರ್ತನೆಗೂ ನೇರ ಸಂಬಂಧವಿಲ್ಲ. ಆದರೆ ಗೋಡೆಯೊಳಗಿನ ತಂತಿಯ ಬಗ್ಗೆ ಇನ್ನು ಮುಂದೆ ಯಾರೂ ಹಗುರವಾಗಿ ಮಾತಾಡುವಂತಿಲ್ಲ.

ಬಾಡಿಗೆ ಮನೆಯಲ್ಲಿ ಇರುವವರು ಬೋರ್ಡಿಗೆ ತಾವೇ ಕೈಹಾಕಬೇಡಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಲು ಮನೆ ಮಾಲೀಕರಿಗೆ ಹೇಳಿ. ಬಂದವರಿಂದ ಮೂರು ಫೇಸ್ ಮತ್ತು ನ್ಯೂಟ್ರಲ್ ನಾಲ್ಕರ ಕರೆಂಟನ್ನೂ ಮಧ್ಯಾಹ್ನ ಎಸಿಗಳೆಲ್ಲ ಓಡುವಾಗ ಅಳೆಸಿ ಬರೆದಿಡಿಸಿ, ನ್ಯೂಟ್ರಲ್ ಸ್ಕ್ರೂ ಬಿಗಿ ಮಾಡಿಸಿ. ಕುವೈತ್ ಕನ್ನಡ ಕೂಟ, ತುಳು ಕೂಟದಂಥ ನಮ್ಮ ಸಂಘಗಳಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರುಗಳಿಗೆ ಬರವಿಲ್ಲ. ಏಪ್ರಿಲ್ ತಿಂಗಳಲ್ಲಿ, ಸೆಖೆ ಏರುವ ಮುಂಚೆ, ಒಂದು ಸಂಜೆಯನ್ನು ಇದಕ್ಕಾಗಿಯೇ ಇಟ್ಟು ಸದಸ್ಯರಿಗೆ ತಮ್ಮ ಮನೆಯ ಬೋರ್ಡ್ ಓದುವುದನ್ನು ಅವರು ಕಲಿಸಿಕೊಡಲಿ.